ಪುಟ್ಟ ಲಾರಿಯ ಬಾಣಂತನ

ಕುದಾಪುರದ ಕಡೆಯ ಸಂಶೋಧನಾ ಕೇಂದ್ರಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಚಳ್ಳಕೆರೆಯ ನನ್ನ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾರೆ. ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್ ಎಂದು ಕೇಳುತ್ತಾರೆ. ನಾನು ಹೇಳಲು ಶುರು ಮಾಡಿದ ಮೇಲೆ ಫೋನ್ ನೋಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಬರೆದಿಟ್ಟರೆ ಫೋನ್ ನೋಡಿ ಮುಗಿದ ಮೇಲೆ ಓದಿಕೊಳ್ಳಬಹುದೆಂದು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನನ್ನ ನೆನಪಿನ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ. ಈ ಕಥನದಲ್ಲಿ ಬರುವ ಲಾರಿ ನೀಲಿ ಬಣ್ಣದ್ದೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಹೋದ ತಿಂಗಳು ಒಂದು ಹಳೆಯ ಫೋಟೊ ಸಿಕ್ಕಿತು. ಅದರಲ್ಲಿ ಲಾರಿ ಹಳದಿ. ಫೋಟೊ ಮಾಸಿದೆ ಎಂದು ವಾದ ಮಾಡಬಹುದಿತ್ತು. ಆದರೆ ಪಕ್ಕದಲ್ಲಿ ನಿಂತ ನನ್ನ ಅಂಗಿ ನೀಲಿಯಾಗಿಯೇ ಇದೆ. ಭೌತಶಾಸ್ತ್ರ ಓದಿದವನು ಇಂಥ ಕಡೆ ಸುಮ್ಮನಾಗಬೇಕು. ಹಾಗಾಗಿ ಕೆಳಗಿನದರಲ್ಲಿ ಇಂಜಿನ್ನಿಗೆ ಸಂಬಂಧಪಟ್ಟ ಮಾತುಗಳನ್ನು ನಂಬಿ, ಮನುಷ್ಯರಿಗೆ ಸಂಬಂಧಪಟ್ಟದ್ದನ್ನು ವಿಚಾರಿಸಿ ನೋಡಿ.

ಬಡ್ತಿಗಳ ವಿಷಯ ಬರೆಯುವುದಿಲ್ಲ. ಸಿಕ್ಕಿದ್ದು ಕಡಿಮೆ, ಸಿಕ್ಕಾಗಲೂ ಕೂರುವ ಕುರ್ಚಿ ಅದೇ ಇತ್ತು.

ನಾನು ಆಗ ಇದ್ದದ್ದು ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನ, ನಮ್ಮ ಮಾತಿನಲ್ಲಿ ಕಾವಲಿನ, ಅಂಚಿನಲ್ಲಿ, ಒಂದು ಖಾಸಗಿ ಕಂಪನಿಯ ಪರೀಕ್ಷಾ ಕೇಂದ್ರದಲ್ಲಿ. ಕೇಂದ್ರ ಎಂದರೆ ಒಂದು ತಗಡಿನ ಶೆಡ್ಡು, ಅದಕ್ಕೆ ಅಂಟಿಕೊಂಡ ಎರಡು ಕೋಣೆ, ಹಿಂದೆ ಅಡುಗೆಮನೆ, ಎತ್ತರದ ಕಟ್ಟೆಯ ಮೇಲೊಂದು ನೀರಿನ ಟ್ಯಾಂಕು. ಸುತ್ತ ಕಣ್ಣು ಹರಿಯುವಷ್ಟೂ ಹುಲ್ಲು. ಇಸವಿ ಸರಿಯಾಗಿ ನೆನಪಿಲ್ಲ; ಎರಡು ಸಾವಿರ ದಾಟಿತ್ತು, ಈಗಿನ ದೊಡ್ಡ ದೊಡ್ಡ ಕಾಂಪೌಂಡುಗಳು ಇನ್ನೂ ಎದ್ದಿರಲಿಲ್ಲ. ಪೈಲಟ್ ಇಲ್ಲದೆ ಹಾರುವ ಚಿಕ್ಕ ವಿಮಾನಗಳಿಗೆ ಬೇಕಾದ ರೇಡಿಯೊ ಸಲಕರಣೆ ಮಾಡುವುದು ಕಂಪನಿಯ ಉದ್ದೇಶ. ಎರಡು ವಿಮಾನ ಕೆಡವಿದ ಮೇಲೆ ನಮ್ಮ ಮುಖ್ಯಸ್ಥ ನರಹರಿಯವರಿಗೆ ಒಂದು ಯೋಚನೆ ಬಂತು. ರೇಡಿಯೊವನ್ನು ಮೊದಲು ನೆಲದ ಮೇಲೆ ಓಡುವುದರಲ್ಲಿ ಇಟ್ಟು ಪರೀಕ್ಷಿಸಿದರೆ ಕನಿಷ್ಠ ಮೇಲಿಂದ ಬೀಳುವುದಿಲ್ಲ.

ಹಾಗೆ ಬಂದದ್ದು ಆ ಲಾರಿ. ಮಡಿಲಲ್ಲಿ ಇಟ್ಟುಕೊಳ್ಳಬಹುದಾದಷ್ಟು ದೊಡ್ಡದು, ದಪ್ಪ ಚಕ್ರ, ಕೈಯಲ್ಲಿ ಹಿಡಿಯುವ ರೇಡಿಯೊದಿಂದ ಓಡಿಸುವಂಥದ್ದು. ಬ್ಯಾಟರಿಯದ್ದಲ್ಲ. ಹೆಬ್ಬೆರಳ ಗಾತ್ರದ ಪಿಸ್ಟನ್ ಇರುವ ನಿಜವಾದ ಇಂಜಿನ್. ಅದರ ಇಂಧನಕ್ಕೆ ನೈಟ್ರೊ ಎನ್ನುತ್ತಾರೆ: ಮೆಥನಾಲ್, ನೈಟ್ರೊಮೀಥೇನ್, ಜೊತೆಗೆ ಹರಳೆಣ್ಣೆ. ವಿಮಾನದ ಇಂಜಿನ್ನಿನ ಜಾತಿಯೇ, ಅದೇ ನಡುಕ, ಅದೇ ಶಬ್ದ. ರೇಡಿಯೊ ಇದನ್ನು ತಡೆದುಕೊಂಡರೆ ಅದನ್ನೂ ತಡೆದುಕೊಳ್ಳುತ್ತದೆ ಎಂಬುದು ಲೆಕ್ಕ. ಒಂದು ಲಾರಿ, ಬದಲಿ ಇರಲೆಂದು ಇನ್ನೊಂದು ಇಂಜಿನ್.

ಇದನ್ನು ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್ ಬೇಕಾಯಿತು. ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ಮೊಪೆಡ್ ಗ್ಯಾರೇಜ್ ಇಟ್ಟಿದ್ದ ನಯಾಜ್‌ನನ್ನು ನಾನೇ ಕರೆದುಕೊಂಡು ಬಂದೆ. ಮಾತಿನಲ್ಲಿ ಗಟ್ಟಿಗ, ಕೆಲಸದಲ್ಲೂ ಪರವಾಗಿಲ್ಲ. ಊರಲ್ಲಿ ಅವನಿಗೆ ಒಂದೇ ವಿಷಯಕ್ಕೆ ಹೆಸರಿತ್ತು: ಹೊಗೆ ನಿಲ್ಲಿಸುವುದು. ಎಂಥ ಹಳೆಯ ಗಾಡಿಯಾದರೂ ನಯಾಜ್ ಕೈಗೆ ಹೋಗಿ ಬಂದರೆ ಹೊಗೆ ಮಾಯ, ಮೈಲೇಜು ಜಾಸ್ತಿ. ಈ ಖ್ಯಾತಿಯೇ ಮುಂದೆ ನಮಗೆ ತೊಂದರೆ ಕೊಟ್ಟಿತು.

ಅವನು ಗ್ಯಾರೇಜನ್ನು ಭಾವಮೈದುನನಿಗೆ ಒಪ್ಪಿಸಿ ನಮ್ಮಲ್ಲಿಗೆ ಬಂದ. ದಿನಗೂಲಿ, ಪರೀಕ್ಷೆ ಗೆದ್ದರೆ ಕಾಯಂ ಎಂದು ನರಹರಿ ಬಾಯಿಮಾತಿನಲ್ಲಿ ಹೇಳಿದ್ದರು. ಒಂದು ವಾರದಲ್ಲೇ ಭಾವಮೈದುನ ಗ್ಯಾರೇಜಿನ ಬೋರ್ಡು ಬದಲಾಯಿಸಿದ.

"ನನ್ನ ಹೆಸರು ಅಳಿಸಿ ಅವನ ಹೆಸರು ಬರೆಸಿದಾನೆ ಸಾರ್," ಎಂದ ನಯಾಜ್. "ಅದೂ ದೊಡ್ಡ ಅಕ್ಷರದಾಗೆ. ನಂದು ಇದ್ದಾಗ ಪೇಂಟರ್‌ಗೆ ಜಾಗ ಸಾಲ್ತಿರಲಿಲ್ಲ, ಈಗ ಎಲ್ಲಿಂದ ಬಂತು ಕೇಳ್ರಿ."

ಅಂದರೆ ಅವನಿಗೆ ವಾಪಸ್ಸು ಹೋಗಲು ಜಾಗವಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲು ಪೂಜೆಯಾಯಿತು. ಹೊಸ ಗಾಡಿಗೆ ಪೂಜೆಯಿಲ್ಲದೆ ಆಗುತ್ತದೆಯೇ ಎಂದು ಜೀಪಿನ ಡ್ರೈವರ್ ಹಟ ಹಿಡಿದ. ನಯಾಜ್ ಗ್ಯಾರೇಜಿನಲ್ಲಿ ಗಿರಾಕಿಗಳಿಗಾಗಿ ನಿಂಬೆಹಣ್ಣು ಇಟ್ಟು ಅಭ್ಯಾಸವಿದ್ದವನು, ಚೀಲದಿಂದ ನಾಲ್ಕು ತೆಗೆದು ಚಕ್ರಗಳ ಕೆಳಗೆ ಇಟ್ಟ. ಲಾರಿ ನಿಂಬೆಹಣ್ಣುಗಳ ಮೇಲೆ ಹತ್ತಿ ಕೂತಿತೇ ಹೊರತು ಒಂದೂ ಒಡೆಯಲಿಲ್ಲ. ನಾವು ಸುತ್ತ ನಿಂತು ನೋಡುತ್ತಿದ್ದೆವು. ಕೊನೆಗೆ ನರಹರಿ, "ಕಾಲಲ್ಲಿ ಒತ್ತಿ ಒಡೀರಿ, ಹೇಗಿದ್ರೂ ಅರ್ಥ ಅದೇ," ಎಂದರು. ಡ್ರೈವರ್ ಚಪ್ಪಲಿ ಬಿಟ್ಟು ಒತ್ತಿದ. ರಸ ಬ್ರೇಕಿನ ಮೇಲೆ ಹಾರಿತು. ಅದನ್ನು ಒರೆಸಿದ್ದೇ ಆ ಲಾರಿಗೆ ನಾವು ಮಾಡಿದ ಮೊದಲ ರಿಪೇರಿ.

ಈಗ ಇಂಜಿನ್ ಪಳಗಿಸುವ ವಿಷಯ. ಹೊಸದಾಗಿ ಇಂಥ ಕೆಲಸಕ್ಕೆ ಇಳಿಯುವವರಿಗೆ ಇದು ಬೇಕಾಗುತ್ತದೆ.

ಹೊಸ ನೈಟ್ರೊ ಇಂಜಿನ್ ಕೈಗೆ ಬಂದಾಗ ತಿರುಗುವುದೇ ಇಲ್ಲ. ಪಿಸ್ಟನ್ ಮೇಲಕ್ಕೆ ಬರುತ್ತಿದ್ದಂತೆ ಹಿಡಿದು ನಿಲ್ಲುತ್ತದೆ. ಇದು ದೋಷವಲ್ಲ. ಪಿಸ್ಟನ್ ಓಡಾಡುವ ಲೋಹದ ಕೊಳವೆಯನ್ನು ಮೇಲ್ಭಾಗದಲ್ಲಿ ಬೇಕೆಂದೇ ತುಸು ಕಿರಿದು ಮಾಡಿರುತ್ತಾರೆ. ಕಾದಾಗ ಅದು ಹಿಗ್ಗುತ್ತದೆ, ಆಗ ಅಳತೆ ಸರಿಹೋಗುತ್ತದೆ. ತಣ್ಣಗಿದ್ದಾಗ ಬಿಗಿಯಾಗಿಯೇ ಇರಬೇಕು.

ನಯಾಜ್ ಇಂಜಿನ್ ಸ್ಟಾರ್ಟ್ ಮಾಡುವ ದಾರ ಎಳೆದು ನೋಡಿ, "ಇದು ಜಾಮ್ ಐತೆ ಸಾರ್," ಎಂದ. "ಎಮರಿ ಕಾಗದ ಕೊಡ್ರಿ, ಒಂದ್ನಿಮಿಷ ಉಜ್ಜಿ ಬಿಡ್ತೀನಿ. ಬೆಣ್ಣೆ ಆಗ್ತೈತೆ."

"ಉಜ್ಜಿದರೆ ಬೆಣ್ಣೆಯೇ ಆಗುತ್ತೆ. ಆಮೇಲೆ ಅದರಲ್ಲಿ ಒತ್ತಡ ನಿಲ್ಲೋದಿಲ್ಲ," ಎಂದೆ.

"ಓದಿದೋರು ನೀವು, ನಿಮಗೆ ಕಾಗದದ ಮೇಲೆ ಎಲ್ಲಾ ಸರಿ ಇರ್ತೈತೆ."

ಆದರೂ ಉಜ್ಜಲಿಲ್ಲ. ಇಂಜಿನ್ನಿನ ತಲೆಯ ಭಾಗವನ್ನು ಬಿಸಿ ಗಾಳಿಯಿಂದ ಬೆಚ್ಚಗೆ ಮಾಡಿ, ಆಮೇಲೆ ಎಳೆದೆವು. ಶುರುವಾಯಿತು.

ಎರಡನೆಯ ಮಾತು ಹೆಚ್ಚು ಮುಖ್ಯ. ಮೊದಲ ಕೆಲವು ಟ್ಯಾಂಕು ಇಂಧನ ಮುಗಿಯುವವರೆಗೆ ಇಂಜಿನ್ನಿಗೆ ಬೇಕಾದ್ದಕ್ಕಿಂತ ಇಂಧನ ಜಾಸ್ತಿ ಕುಡಿಸಬೇಕು. ಕಾರ್ಬೊರೇಟರಿನ ಮೇಲೊಂದು ತಿರುಪು ಇರುತ್ತದೆ. ಅದನ್ನು ಸಡಿಲಿಸಿದರೆ ಇಂಧನ ಹೆಚ್ಚು, ಬಿಗಿದರೆ ಕಡಿಮೆ. ಇಂಧನದ ಜೊತೆಗೇ ಎಣ್ಣೆ ಹೋಗುವುದರಿಂದ, ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಆದ್ದರಿಂದ ಹೊಸ ಇಂಜಿನ್ ಗೊರಗೊರ ಅನ್ನಬೇಕು, ಎಣ್ಣೆ ಕಾರಬೇಕು, ದಟ್ಟವಾದ ಹೊಗೆ ಬಿಡಬೇಕು. ನೋಡಿದವರಿಗೆ ಇದು ಕೆಟ್ಟುಹೋಗಿದೆ ಎನ್ನಿಸಬೇಕು. ಎನ್ನಿಸದಿದ್ದರೆ ನೀವು ತಪ್ಪು ಮಾಡುತ್ತಿದ್ದೀರಿ.

ಚಳ್ಳಕೆರೆಯಲ್ಲಿ ಇದು ಸಾಧ್ಯವೇ? ಎಣ್ಣೆಯ ಗಿರಣಿಗಳ ಊರು ಅದು. ಎಣ್ಣೆ ಹಿಂಡಿ ಬದುಕುವವರ ಕಣ್ಣೆದುರು ಎಣ್ಣೆ ಸುಟ್ಟು ಆಕಾಶಕ್ಕೆ ಬಿಡುವುದೆಂದರೆ ಯಾರ ಕೈಯೂ ಸುಮ್ಮನಿರುವುದಿಲ್ಲ. ಮೊಪೆಡ್‌ನಲ್ಲಿ ಹೊಗೆ ಕಂಡರೆ ತಿರುಪು ಬಿಗಿಯುವುದು ಅಲ್ಲಿ ನಲ್ಲಿ ತೊಟ್ಟಿಕ್ಕಿದರೆ ಬಿಗಿದಂತೆ, ಯೋಚಿಸಿ ಮಾಡುವ ಕೆಲಸವಲ್ಲ.

ನಾನು ಒಂದು ರಟ್ಟಿನ ಮೇಲೆ 'ತಿರುಪು ಮುಟ್ಟಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಲಾರಿಯನ್ನು ಇಟ್ಟಿಗೆಗಳ ಮೇಲೆ ಕೂರಿಸಿ, ಇಂಜಿನ್ ನಿಧಾನಕ್ಕೆ ಓಡುವಂತೆ ಬಿಟ್ಟು, ರೇಡಿಯೊ ಎಷ್ಟು ದೂರ ಮುಟ್ಟುತ್ತದೆಂದು ನೋಡಲು ಹುಲ್ಲಿನಲ್ಲಿ ಒಂದಷ್ಟು ದೂರ ಹೋದೆ. ಗೊರಗೊರ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಶಬ್ದ ತೆಳುವಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಹಾಡಲು ಶುರುಮಾಡಿತು. ಅಷ್ಟು ಚೆಂದದ ಇಂಜಿನ್ ಶಬ್ದ ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ನಾನು ಓಡಿದೆ. ಅರ್ಧ ದಾರಿಯಲ್ಲಿರುವಾಗ ನಿಂತುಹೋಯಿತು.

ಶೆಡ್ಡಿನಲ್ಲಿ ನರಹರಿ, ಡ್ರೈವರ್, ನಯಾಜ್ ಮೂವರೂ ಖುಷಿಯಾಗಿ ನಿಂತಿದ್ದರು.

"ಹೊಗೆ ನಿಂತೋಯ್ತು ನೋಡ್ರಿ ಸಾರ್," ಎಂದ ಡ್ರೈವರ್. "ನಾನು ಒಂದ್ಚೂರು ಬಿಗಿದೆ ಅಷ್ಟೆ."

"ನೀನು ಬಿಗಿದ್ಯಾ?" ಎಂದ ನಯಾಜ್. "ನಾನು ಬಿಗಿದೆನಲ್ಲೋ ಲೇ ಆಗ್ಲೆ."

ನರಹರಿ ಕನ್ನಡಕ ಒರೆಸುತ್ತ, "ನಾನೂ ಸ್ವಲ್ಪ ಕಡಿಮೆ ಮಾಡಿದ್ದೆ. ತೀರಾ ವೇಸ್ಟ್ ಆಗ್ತಿತ್ತು," ಎಂದರು.

"ಬೋರ್ಡ್ ಹಾಕಿದ್ದೆನಲ್ಲ ಸಾರ್," ಎಂದೆ.

"ಓದಿದೆ. ಅದು ಇವರಿಗೆ ಅಂತ ಅಂದ್ಕೊಂಡೆ."

ತಲೆ ಬಿಚ್ಚಿ ನೋಡಿದಾಗ ಪಿಸ್ಟನ್ನಿನ ಪಕ್ಕದಲ್ಲಿ ಗೀರುಗಳು. ದಾರ ಎಳೆದರೆ ಈಗ ಎಲ್ಲೂ ಹಿಡಿಯುತ್ತಿರಲಿಲ್ಲ. ನಯಾಜ್ ಹೇಳಿದ್ದಂತೆ ಬೆಣ್ಣೆಯಾಗಿತ್ತು.

ಆ ಸಂಜೆ ನರಹರಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ನೇರವಾಗಿ ಹೇಳಿದರು. ರೇಡಿಯೊ ಕೊಳ್ಳಬೇಕಾದವರು ನೋಡಲು ಬರುತ್ತಿದ್ದಾರೆ. ಕಾವಲಿನ ಆ ತುದಿಯ ಗಡಿಕಲ್ಲಿನವರೆಗೆ ಲಾರಿ ನಿಲ್ಲದೆ ಹೋಗಿ ಬರಬೇಕು. ಉಳಿದಿರುವುದು ಒಂದೇ ಇಂಜಿನ್. ಅದೂ ಹೋದರೆ ಕೇಂದ್ರ ಮುಚ್ಚಿ ಎಲ್ಲವನ್ನೂ ಬೆಂಗಳೂರಿಗೆ ಸಾಗಿಸುವುದು.

"ನಿಮಗೆ ಅಲ್ಲಿ ಟೇಬಲ್ ಇರುತ್ತೆ," ಎಂದರು ನನಗೆ. ನಯಾಜ್ ಕಡೆ ತಿರುಗಿ, "ನಿನ್ನದು ದಿನಗೂಲಿ ನಯಾಜ್. ದಿನಗೂಲಿ ಅಲ್ಲಿಗೆ ಬರಲ್ಲ," ಎಂದರು. ಕೆಟ್ಟ ಮನುಷ್ಯರಲ್ಲ. ಇದ್ದದ್ದನ್ನು ಹೇಳಿದರು.

ನಯಾಜ್ ಹೊರಗೆ ಬಂದು ತುಂಬಾ ಹೊತ್ತು ಕೈ ತೊಳೆದುಕೊಂಡ. "ಹೊಗೆ ನಿಲ್ಸೋದೊಂದೇ ಸಾರ್ ನಂಗೆ ಬರೋದು," ಎಂದ. "ಈಗ ಹೊಗೆ ಬಿಡೋದು ಕಲೀಬೇಕಾ?"

"ಹೂಂ."

"ಕಲಿಯಾನ ಬಿಡ್ರಿ."

ಎರಡನೆಯ ಇಂಜಿನ್ ಕೂರಿಸಿದ ದಿನವೇ ಎಳೆಯುವ ದಾರ ತುಂಡಾಯಿತು. ಬಿಗಿ ಇಂಜಿನ್ನನ್ನು ಬೆಚ್ಚಗೆ ಮಾಡದೆ ನಯಾಜ್ ಪಂಪ್‌ಸೆಟ್ ಎಳೆದಂತೆ ಎಳೆದಿದ್ದ. ಹೊಸ ದಾರ ತರಿಸಲು ಸಮಯವಿರಲಿಲ್ಲ. ಅಂಗಡಿಯ ನೈಲಾನ್ ಹಿಗ್ಗುತ್ತದೆ, ಸೆಣಬು ದಪ್ಪವಾಗುತ್ತದೆ. ನನಗೆ ಮೊಳಕಾಲ್ಮೂರು ಹೊಳೆಯಿತು. ಹೆಂಡತಿಗೆ ಸೀರೆ ತಂದ ಮನೆಯಲ್ಲಿ ಮಗ್ಗದ ಮೇಲಿನ ಪೆಟ್ಟಿಗೆಯಿಂದ ನೂರಾರು ದಾರ ಇಳಿಬಿಟ್ಟಿದ್ದನ್ನು ನೋಡಿದ್ದೆ. ದಿನವೆಲ್ಲ ಎಳೆದರೂ ಹಿಗ್ಗದ ತೆಳು ದಾರ.

ಬಸ್ಸು ಹಿಡಿದು ಹೋದೆ. ಮನೆಮಾತು ತೆಲುಗಿನ ನೇಕಾರರು ಗುರುತು ಹಿಡಿದು ಬನ್ನಿ ಎಂದು ಕರೆದರು.

"ರಂಡಿ ಸಾರ್, ಕೂತ್ಕೊಳ್ರಿ. ಮೇಡಮ್‌ಗೆ ಇನ್ನೊಂದು ಸೀರೇನಾ?"

"ಸೀರೆ ಬೇಡ, ದಾರ ಬೇಕಿತ್ತು. ಒಂದು ಮೊಳ."

"ದಾರಂ?" ಅವರು ಮಗ್ಗ ನಿಲ್ಲಿಸಿದರು. "ಯಾತಕ್ಕೆ?"

"ಲಾರಿ ಸ್ಟಾರ್ಟ್ ಮಾಡೋದಕ್ಕೆ."

ಅವರು ಒಳಗೆ ಹೆಂಡತಿಗೆ ತೆಲುಗಿನಲ್ಲಿ ಏನೋ ಹೇಳಿದರು. ಆಕೆ ಬಾಗಿಲಿಗೆ ಬಂದು ನನ್ನನ್ನು ಒಮ್ಮೆ ನೋಡಿ, ಮಜ್ಜಿಗೆ ತಂದುಕೊಟ್ಟರು. ಬಿಸಿಲಿಗೆ ಹೀಗಾಗಿದೆ ಎಂದುಕೊಂಡಿರಬೇಕು. ದಾರವನ್ನಂತೂ ಕೊಟ್ಟರು, ಒಂದು ಮೊಳವಲ್ಲ, ಒಂದು ಉಂಡೆ. ಆ ದಾರ ಲಾರಿ ಇರುವವರೆಗೂ ಇತ್ತು.

ನಾನು ತಿರುಗಿ ಬಂದಾಗ ಇಂಜಿನ್ ಇಟ್ಟಿದ್ದ ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪಿನ ದೊಡ್ಡ ಕಟ್ಟು ತೂಗುಹಾಕಿತ್ತು.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲಿಗೆ ಬೇವು ಕಟ್ಟಿದೆ ಎಂದರೆ ಒಳಗೆ ಬಾಣಂತಿಯಿದ್ದಾಳೆ, ಹಸುಗೂಸಿದೆ; ಕಂಡಕಂಡವರು ನುಗ್ಗುವಂತಿಲ್ಲ, ಮುಟ್ಟುವಂತಿಲ್ಲ. ನಯಾಜ್ ಒಳ್ಳೆಯ ಉಪಾಯ ಮಾಡಿದ್ದಾನೆ ಎಂದುಕೊಂಡೆ. ಕೇಳಲಿಲ್ಲ. ಕೇಳಿದರೆ ಬೀಗುತ್ತಾನೆ ಎಂಬ ಭಯವಿತ್ತು.

ಇದಕ್ಕೆ ಹಿಂದಿನ ದಿನವೋ ಅದರ ಹಿಂದಿನ ದಿನವೋ, ನಮಗೆ ಅಡುಗೆ ಮಾಡುತ್ತಿದ್ದ ದೊಡ್ಡಉಳ್ಳಾರ್ತಿಯ ತಿಪ್ಪಕ್ಕ ಶೆಡ್ಡಿನಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದು ನೆನಪಿದೆ. "ಏನ್ರಪ್ಪ ಇದು, ಕೂಸಿನ ನೆತ್ತಿಗೆ ಹಾಕೋ ಎಣ್ಣೆ ವಾಸ್ನೆ ಬರ್ತೈತೆ. ಗಾಡಿ ಹೆತ್ತೀರಾ ಹೆಂಗೆ?" ಎಂದಿದ್ದಳು. ಹರಳೆಣ್ಣೆಯ ವಾಸನೆ ಅದು. ಬೇವಿನ ಯೋಚನೆ ನಯಾಜ್‌ಗೆ ಅಲ್ಲಿಂದ ಬಂದಿರಬೇಕು ಎಂದು ನಾನು ಊಹಿಸಿದೆ.

ಏನೇ ಇರಲಿ, ರಟ್ಟಿನ ಬೋರ್ಡು ಮಾಡದ ಕೆಲಸವನ್ನು ಬೇವು ಮಾಡಿತು. ಡ್ರೈವರ್ ಹೊಸ್ತಿಲ ಆಚೆಯಿಂದಲೇ ನೋಡಿ ಹೋಗುತ್ತಿದ್ದ. ನರಹರಿಯವರ ಮಗಳಿಗೆ ಆಗತಾನೆ ಹೆರಿಗೆಯಾಗಿತ್ತು. ಮನೆಯಲ್ಲಿ ಕೂಸನ್ನು ಮುಟ್ಟಲು ಹೋಗಿ ಬೈಸಿಕೊಂಡಿದ್ದರು. ಅವರು ಬಾಗಿಲಿಗೆ ಬಂದು ಬೇವು ನೋಡಿದವರೇ ಬೂಟು ಬಿಟ್ಟರು. ಬಿಟ್ಟ ಮೇಲೂ ಒಳಗೆ ಬರಲಿಲ್ಲ.

"ಹೇಗಿದೆ?" ಎಂದರು ಅಲ್ಲಿಂದಲೇ, ದನಿ ತಗ್ಗಿಸಿ.

"ಹುಷಾರಾಗೈತೆ ಸಾರ್," ಎಂದ ನಯಾಜ್, ಅದೇ ದನಿಯಲ್ಲಿ.

ಒಳಗೆ ನಾವಿಬ್ಬರು ಸರಿಯಾಗಿ ಪಳಗಿಸಿದೆವು. ಒಂದು ಟ್ಯಾಂಕು ಓಡಿಸುವುದು, ಪೂರಾ ತಣ್ಣಗಾಗಲು ಬಿಡುವುದು, ಮತ್ತೆ ಓಡಿಸುವುದು. ನಿಲ್ಲಿಸಿದಾಗ ಪಿಸ್ಟನ್ ಕೆಳಗಿರುವಂತೆ ತಿರುಗಿಸಿ ಬಿಡಬೇಕು. ಮೇಲಿದ್ದರೆ ಕೊಳವೆ ತಣ್ಣಗಾಗಿ ಕುಗ್ಗುವಾಗ ಅದನ್ನು ಕಚ್ಚಿಕೊಳ್ಳುತ್ತದೆ. ಕೆಳಗಿದೆಯೆಂದು ತಿಳಿಯಲು ನಯಾಜ್ ಹೆಂಡತಿಯ ಉಗುರುಬಣ್ಣ ತಂದು ಇಂಜಿನ್ನಿನ ಜೊತೆ ತಿರುಗುವ ಚಕ್ರದ ಮೇಲೊಂದು ಚುಕ್ಕೆ ಇಟ್ಟ. ಶಾಖ ನೋಡಲು ತಲೆಯ ಮೇಲೆ ಒಂದು ಹನಿ ನೀರು ಬಿಡುವುದು: ನಿಧಾನಕ್ಕೆ ಆರಿದರೆ ಸರಿ, ಚುರ್ ಎಂದು ಹಾರಿದರೆ ತಿರುಪು ಸಡಿಲಿಸಿ ಇಂಧನ ಹೆಚ್ಚಿಸಬೇಕು. ಒಂದೊಂದು ಟ್ಯಾಂಕಿಗೆ ಒಂದೊಂದು ಕೂದಲೆಳೆಯಷ್ಟು ತಿರುಪು ಬಿಗಿಯುವುದು, ಅದಕ್ಕಿಂತ ಹೆಚ್ಚಲ್ಲ.

ದಿನದ ಕೊನೆಗೆ ಟ್ಯಾಂಕು ಬರಿದು ಮಾಡಿ, ಉಳಿದದ್ದನ್ನು ಓಡಿಸಿಯೇ ಸುಟ್ಟು, ನೆತ್ತಿಯ ಪ್ಲಗ್ಗು ಬಿಚ್ಚಿ ಕೆಲವು ಹನಿ ಎಣ್ಣೆ ಬಿಟ್ಟು ದಾರ ಎಳೆಯಬೇಕು. ಮೆಥನಾಲ್ ಗಾಳಿಯ ತೇವ ಹೀರುತ್ತದೆ; ಹಾಗೆಯೇ ಬಿಟ್ಟರೆ ಒಳಗೆ ತುಕ್ಕು. ಇದಕ್ಕೆ ನಾವು 'ನೆತ್ತಿಗೆ ಎಣ್ಣೆ' ಎನ್ನುತ್ತಿದ್ದೆವು. ಈಗಲೂ ಆ ಕಡೆಯ ವರ್ಕ್‌ಶಾಪುಗಳಲ್ಲಿ ಹಾಗೆಯೇ ಅನ್ನುತ್ತಾರಂತೆ, ಯಾಕೆಂದು ಗೊತ್ತಿಲ್ಲದೆ.

ಹೊರಗೆ ಓಡಿಸಲು ಶುರುಮಾಡಿದ ಮೇಲೆ ಧೂಳಿನ ಕಾಟ. ಕಾವಲಿನ ಬಂಡಿಜಾಡಿನಲ್ಲಿ ಒಂದು ಸುತ್ತು ಹೋಗಿ ಬಂದರೆ ಗಾಳಿ ಸೋಸುವ ಸ್ಪಂಜು ಕೆಂಪಾಗುತ್ತಿತ್ತು. ಅದನ್ನು ಪ್ರತಿ ಸಲವೂ ತೊಳೆದು, ಒಣಗಿಸಿ, ಎಣ್ಣೆ ಸವರಿಯೇ ಹಾಕಬೇಕು. ಒಣ ಸ್ಪಂಜು ಹಾಕುವುದು ಹಾಕದೇ ಇರುವುದಕ್ಕೆ ಸಮ. ಹುಲ್ಲಿನ ಬೀಜ ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ, ಚಿಮಟದಿಂದ ಕೀಳಬೇಕು. ನಡುಕಕ್ಕೆ ಎಲ್ಲ ತಿರುಪುಗಳೂ ಸಡಿಲವಾಗುತ್ತವೆ. ಇಷ್ಟೆಲ್ಲ ಮಾಡಿಯೂ ಲಾರಿ ಒಂದು ದಿನ ಹೋದದ್ದು ಬರಲೇ ಇಲ್ಲ.

ಕಾದೆವು. ಕೊನೆಗೆ ಕುರಿಗಾರ ಬೋರಯ್ಯ ಲಾರಿಯನ್ನು ತಲೆಕೆಳಗಾಗಿ ಕಂಕುಳಲ್ಲಿ ಇರುಕಿಕೊಂಡು ಬಂದ. ಚಕ್ರಗಳು ಇನ್ನೂ ತಿರುಗುತ್ತಿದ್ದವು.

"ಯಾರ್ರೀ ಇದನ್ನ ಬಿಟ್ಟೋರು? ಕುರಿ ಬೆದರಿ ದಿಕ್ಕಾಪಾಲಾದ್ವು."

"ಕೊಡಪ್ಪ ಇಲ್ಲಿ, ಬಿಸಿ ಐತೆ, ಸುಡ್ತೈತೆ," ಎಂದ ನಯಾಜ್.

"ಸುಟ್ಟೈತೆ ಆಗ್ಲೆ. ಇನ್ನೊಂದ್ಸಲ ಬಂದ್ರೆ ದೊಣ್ಣೆ ತಗಂಡು ಬಿಡ್ತೀನಿ. ಸರ್ಕಾರದ್ದಾದ್ರೂ ಅಷ್ಟೆ, ಖಾಸಗಿಯಾದ್ರೂ ಅಷ್ಟೆ."

ಗಡಿಕಲ್ಲಿನ ದಾರಿ ಬೋರಯ್ಯ ಕುರಿ ಮೇಯಿಸುವ ಜಾಗದ ನಡುವೆಯೇ ಇತ್ತು. ಪರೀಕ್ಷೆಯ ದಿನ ಆ ಕಡೆ ಬರಬೇಡ ಎಂದು ಕೇಳಿಕೊಂಡೆ. ಹುಲ್ಲು ಎಲ್ಲಿ ಇರುತ್ತದೋ ಕುರಿ ಅಲ್ಲಿ ಇರುತ್ತವೆ ಎಂದು ಅವನು ಹೇಳಿದ. ವಾದಿಸುವಂಥದ್ದೇನೂ ಇರಲಿಲ್ಲ.

ಪರೀಕ್ಷೆಯ ದಿನ ನೋಡುವವರು ಎರಡು ಕಾರಿನಲ್ಲಿ ಬಂದರು. ಇಸ್ತ್ರಿ ಮಾಡಿದ ಅಂಗಿಯ ನಾಲ್ಕೈದು ಜನ. ತಿಪ್ಪಕ್ಕ ಬೆಳಗಿನಿಂದ ಹಿಂದಿನ ಅಡುಗೆಮನೆ ಬಿಟ್ಟು ಹೊರಬಂದಿರಲಿಲ್ಲ. ನಯಾಜ್ ಬಾಗಿಲಿನ ಬೇವು ಬಿಚ್ಚಿದ. ಒಂದು ಎಸಳನ್ನು ಲಾರಿಯ ಆಂಟೆನಾ ತುದಿಗೆ ಕಟ್ಟಿದ. ಉಳಿದದ್ದನ್ನೆಲ್ಲ ಜನ ಹತ್ತಿರ ಬರದಂತೆ ಎಳೆದಿದ್ದ ಹಗ್ಗದ ಉದ್ದಕ್ಕೂ ಸಿಕ್ಕಿಸಿದ.

"ಇದೇನು?" ಎಂದೆ.

"ಕೂಸು ಮೊದಲ ಸಲ ಹೊರಗೆ ಹೋಗ್ತೈತಲ್ಲ ಸಾರ್," ಎಂದ. ನಗಲಿಲ್ಲ. ಬೆಳಗಿನಿಂದ ಏನೂ ತಿಂದಿರಲಿಲ್ಲ ಅವನು.

ಇಂಜಿನ್ ಶುರುವಾಯಿತು. ಬಿಸಿಲು ಜೋರಾಗಿತ್ತು, ದೂರ ಬಹಳವಿತ್ತು. ಅದಕ್ಕೆಂದೇ ತಿರುಪನ್ನು ತುಸು ಸಡಿಲವಾಗಿಯೇ ಇಟ್ಟಿದ್ದೆವು. ಹೊಗೆ ಧಾರಾಳವಾಗಿ ಬಂತು. ಬಂದವರಲ್ಲೊಬ್ಬರು ಕರವಸ್ತ್ರ ತೆಗೆದರು. ನರಹರಿಯವರ ಮುಖ ಚಿಕ್ಕದಾಯಿತು.

"ನಯಾಜ್, ಇಷ್ಟು ಹೊಗೆ ಬಂದ್ರೆ ಹಳೇ ಮಾಲು ಅಂದ್ಕೋತಾರೆ. ಕಡಿಮೆ ಮಾಡು."

"ಆಗಲ್ಲ ಸಾರ್."

"ಹೊಗೆ ನಿಲ್ಲಿಸೋದಕ್ಕೇ ಅಲ್ವೇನಯ್ಯ ಚಳ್ಳಕೆರೇಲಿ ನಿನ್ನ ಹೆಸರು?"

"ಹೌದು ಸಾರ್. ಆ ಹೆಸರು ಅಳಿಸಿ ಆಗೈತೆ."

ನರಹರಿ ತಾವೇ ಬಗ್ಗಿ ಕೈ ಚಾಚಿದರು. ಬೇವಿನ ಎಸಳು ಗಾಳಿಗೆ ವಾಲಿ ಅವರ ಮಣಿಕಟ್ಟಿಗೆ ತಾಗಿತು. ಕೈ ಅಲ್ಲೇ ನಿಂತಿತು. ಆಮೇಲೆ ಆ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡರು. ಹೀಗೆ ನಡೆಯಿತು ಎಂದು ನನಗೆ ನೆನಪಿದೆ. ನಯಾಜ್ ಪ್ರಕಾರ ಎಸಳು ತಾಗಲೇ ಇಲ್ಲ, ಸಾಹೇಬರು ಸುಮ್ಮನೆ ಕೈ ಹಿಂದೆ ತಗೊಂಡರು. ಕೈ ಹಿಂದೆ ಹೋಯಿತು ಎನ್ನುವುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ.

ನಯಾಜ್ ರೇಡಿಯೊ ಹಿಡಿದು ನೀರಿನ ಟ್ಯಾಂಕಿನ ಕಟ್ಟೆ ಹತ್ತಿದ. ನಾನು ಪಕ್ಕದಲ್ಲಿ. ಲಾರಿ ಬಂಡಿಜಾಡಿಗೆ ಇಳಿದು ಹೊರಟಿತು. ಎರಡೂ ಕಡೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಲಾರಿ ಕಣ್ಣಿಗೆ ಬೀಳುವುದು ನಿಂತಿತು. ಕಾಣುತ್ತಿದ್ದುದು ಹೊಗೆ ಮಾತ್ರ. ಹುಲ್ಲಿನ ಮೇಲೆ ಬಿಳಿಯ ಗೆರೆ ಎಳೆದಂತೆ ಹೋಗುತ್ತಿತ್ತು. ನಯಾಜ್ ಅದನ್ನೇ ನೋಡಿಕೊಂಡು ತಿರುಗಿಸುತ್ತಿದ್ದ. ಹೊಗೆ ಕಡಿಮೆ ಮಾಡಿದ್ದರೆ ಏನನ್ನು ನೋಡಿ ಓಡಿಸುತ್ತಿದ್ದೆವೋ ತಿಳಿಯದು. ಇದನ್ನು ನಾವು ಯಾರೂ ಮೊದಲು ಯೋಚಿಸಿರಲಿಲ್ಲ. ಆಮೇಲೆ ವರದಿಯಲ್ಲಿ ಯೋಚಿಸಿದ್ದೆವೆಂದೇ ಬರೆದೆ.

ಆಮೇಲೆ ಕುರಿ ಕಂಡವು. ಜಾಡಿಗೆ ಅಡ್ಡವಾಗಿ ಇಡೀ ಹಿಂಡು, ನಡುವೆ ಬೋರಯ್ಯ, ಹೆಗಲ ಮೇಲೆ ದೊಣ್ಣೆ.

"ಹೋಯ್ತು ಸಾರ್," ಎಂದ ನಯಾಜ್.

"ಸುತ್ತಿ ಹೋಗೋದಕ್ಕಾಗಲ್ವಾ?"

"ಹುಲ್ಲಿಗೆ ಇಳಿದ್ರೆ ನಿಂತೋಗ್ತೈತೆ. ಬಿಡ್ರಿ. ಸೀದಾ ಬಿಡ್ತೀನಿ."

ಹೊಗೆಯ ಗೆರೆ ಹಿಂಡಿನ ಹತ್ತಿರ ಹೋಯಿತು. ಬೋರಯ್ಯ ದೊಣ್ಣೆ ಕೆಳಗಿಳಿಸಿದ್ದು ಕಾಣಿಸಿತು. ಹಿಂಡು ನಡುವೆ ಸೀಳಿತು, ಗೆರೆ ಅದರೊಳಗೆ ಹೋಯಿತು, ಆ ಕಡೆ ಹೊರಬಂತು. ಗಡಿಕಲ್ಲನ್ನು ಸುತ್ತಿತು. ತಿರುಗಿ ಅದೇ ದಾರಿಯಲ್ಲಿ ಬಂತು. ಲಾರಿ ಶೆಡ್ಡಿನ ಮುಂದೆ ಬಂದು ನಿಂತಾಗ ಆಂಟೆನಾದ ಮೇಲಿನ ಬೇವು ಎಣ್ಣೆಗೆ ತೊಯ್ದು ಮಿರಿಮಿರಿ ಹೊಳೆಯುತ್ತಿತ್ತು. ಬಂದವರು ಚಪ್ಪಾಳೆ ತಟ್ಟಿದರು. ನಯಾಜ್ ಕಟ್ಟೆಯಿಂದ ಇಳಿದವನು ಮೊದಲು ಪಿಸ್ಟನ್ ಕೆಳಗಿದೆಯೇ ಎಂದು ಚುಕ್ಕೆ ನೋಡಿದ, ಆಮೇಲೆ ನೆಲದ ಮೇಲೆ ಕೂತ.

ಸಂಜೆ ಬೋರಯ್ಯ ಟೀ ಕುಡಿಯಲು ಬಂದಾಗ ಕೇಳಿದೆ, ಯಾಕೆ ದಾರಿ ಬಿಟ್ಟೆ ಎಂದು.

"ಬೇವು ಕಟ್ಕಂಡು ಬರ್ತಿತ್ತು. ಬಾಣಂತಿ ಮನೇದೋ, ಗೌರಸಮುದ್ರದ ಅಮ್ಮ ದೇವ್ರದೋ, ಯಾರಿಗ್ಗೊತ್ತು? ನಿಮ್ಮದಾದ್ರೆ ಒಂದೇಟು ಹಾಕಬೋದಿತ್ತು. ಅಮ್ಮಂದಾದ್ರೆ? ಸುಮ್ನೆ ಯಾಕೆ ಅಂತ ಕುರಿ ಈ ಕಡೆಗೆ ಎಳ್ಕಂಡೆ."

ಇದು ಸಂಪೂರ್ಣ ತರ್ಕಬದ್ಧವಾದ ನಿರ್ಧಾರ ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಕೇಂದ್ರ ದೊಡ್ಡಉಳ್ಳಾರ್ತಿಯಲ್ಲೇ ಉಳಿಯಿತು. ನಯಾಜ್ ಕಾಯಂ ಆದ. ಮುಂದೆ ಬ್ಯಾಟರಿ ಲಾರಿಗಳು ಬಂದವು. ಪಳಗಿಸುವುದು, ಹೊಗೆ, ನೆತ್ತಿಗೆ ಎಣ್ಣೆ ಎಲ್ಲ ಮುಗಿಯಿತು. ನರಹರಿ ತಮ್ಮ ಬೀಳ್ಕೊಡುಗೆ ಭಾಷಣದಲ್ಲಿ ಬೇವಿನ ಪ್ರಸ್ತಾಪ ಮಾಡಿ, ಸ್ಥಳೀಯ ಸಂಸ್ಕೃತಿಯನ್ನು ಸುರಕ್ಷತೆಗೆ ಬಳಸಿಕೊಂಡದ್ದು ತಮ್ಮ ಆಡಳಿತದ ಕ್ರಮ ಎಂದರು. ನಾನು ನಯಾಜ್ ಮುಖ ನೋಡಿದೆ. ನಯಾಜ್ ನನ್ನ ಮುಖ ನೋಡಿದ. ಪಾಪ, ನಯಾಜ್‌ನ ಉಪಾಯವನ್ನು ಸಾಹೇಬರು ಕಿತ್ತುಕೊಂಡರಲ್ಲ ಎಂದು ನಾನು ಅಂದುಕೊಂಡೆ.

ಇದನ್ನು ಬರೆಯುವ ಮೊದಲು ಖಚಿತ ಮಾಡಿಕೊಳ್ಳೋಣವೆಂದು ಹೋದ ವಾರ ನಯಾಜ್‌ಗೆ ಫೋನ್ ಮಾಡಿದೆ.

"ಬೇವು ಕಟ್ಟಬೇಕು ಅಂತ ನಿನಗೆ ಹೇಗೆ ಹೊಳೀತು?"

"ನಂಗಾ? ಅದು ನೀವು ಕಟ್ಟಿದ್ದಲ್ವಾ ಸಾರ್? ಮೊಳಕಾಲ್ಮೂರಿಗೆ ಹೋಗ್ವಾಗ ಕಟ್ಟಿ ಹೋಗೀರಿ ಅಂತ ಮಾಡಿದ್ದೆ. ಕೇಳಿದ್ರೆ ಭಾಷಣ ಶುರು ಮಾಡ್ತೀರಿ ಅಂತ ಕೇಳಲಿಲ್ಲ."

ನನ್ನ ನೆನಪಿನ ಮೇಲಿನ ಅನುಮಾನ ಮತ್ತೆ ಎದ್ದಿತು. ನಾನೇ ಕಟ್ಟಿ ಮರೆತೆನೇ? ಬಸ್ಸು ಹಿಡಿದು ದೊಡ್ಡಉಳ್ಳಾರ್ತಿಗೆ ಹೋದೆ. ತಿಪ್ಪಕ್ಕನಿಗೆ ಈಗ ವಯಸ್ಸಾಗಿದೆ, ಮಾತಿಗೆ ಆಗಿಲ್ಲ.

"ನಾನೇ ಕಟ್ಟಿದ್ದು ಕಣಪ್ಪ," ಎಂದಳು.

"ಬಾಣಂತನ ಅಂತಲಾ?"

"ಯಾವ ಬಾಣಂತನ? ಒಣಗಾಕಿದ್ದೆ. ರಾಗಿ ತುಂಬಿಡೋ ವಾಡೇವಿಗೆ ಹಾಕಾಕೆ. ಬೇವಿನೆಲೆ ಒಣಗಿಸಿ ಹಾಕದಿದ್ರೆ ಹುಳ ಬೀಳ್ತೈತಲ್ಲ. ಅಡುಗೆಮನ್ಯಾಗೆ ಹೊಗೆ, ಆ ಬಾಗಿಲಾಗೆ ನೆಳ್ಳು, ಗಾಳಿ. ಅದ್ಕೇ ಅಲ್ಲಿ ಕಟ್ಟಿದ್ದೆ." ಮಜ್ಜಿಗೆ ತಂದಿಟ್ಟು ಮುಂದುವರಿಸಿದಳು. "ಇನ್ನೇನು ಒಣಗಿತ್ತು, ಆ ಕಾರಿನೋರು ಬಂದಿದ್ರಲ್ಲ, ಅವತ್ತು ಸಂಜೆ ನೋಡ್ತೀನಿ, ಒಂದೆಲೆ ಇಲ್ಲ. ಆ ವರ್ಷ ರಾಗಿಗೆ ಹುಳ ಬಿದ್ದು ಅರ್ಧ ಹಿಟ್ಟಾತು. ಮೇಕೆ ತಿಂತೋ, ಮನುಷ್ರು ತಗಂಡ್ರೋ, ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗಬೇಕಿತ್ತು, ಮಾಡ್ತಿದ್ದೆ ಅವರಿಗೆ."

ನಾನು ಮಜ್ಜಿಗೆ ಕುಡಿದು ಎದ್ದು ಬಂದೆ. ಬಸ್‌ಸ್ಟ್ಯಾಂಡಿನಿಂದಲೇ ನಯಾಜ್‌ಗೆ ಫೋನ್ ಮಾಡಿ ಹೇಳಿದೆ.

"ಅಂದ್ರೆ ನನ್ನ ನೌಕರಿ ಆಯಮ್ಮನ ರಾಗಿ ಮ್ಯಾಲೆ ನಿಂತಿತ್ತು ಅನ್ರಿ."

"ಹಾಗೇ ಕಾಣುತ್ತೆ."

"ನೀವು ಹೇಳಿದ್ರಾ, ತಗಂಡಿದ್ದು ನಾನು ಅಂತ?"

"ಇಲ್ಲ."

"ಹೇಳ್ಬ್ಯಾಡ್ರಿ ಸಾರ್. ಇನ್ನೂ ಯುಗಾದಿಗೆ ನಮ್ಮನೆಗೆ ಹೋಳಿಗೆ ಕಳಿಸ್ತೈತೆ ಆಯಮ್ಮ."

ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ತಿಪ್ಪಕ್ಕನಿಗೆ ಓದು ಬರುವುದಿಲ್ಲ, ಮೊಮ್ಮಗಳಿಗೆ ಬರುತ್ತದೆ. ಇದನ್ನು ಓದುವ ಎಳೆಯರು ಇಂಜಿನ್ ಬಗ್ಗೆ ಬರೆದದ್ದನ್ನು ಯಾರಿಗೆ ಬೇಕಾದರೂ ಹೇಳಬಹುದು. ಬೇವಿನ ಸಂಗತಿಯನ್ನು ಮಾತ್ರ, ದೊಡ್ಡಉಳ್ಳಾರ್ತಿಯ ಕಡೆ ಹೋದಾಗ, ತಮ್ಮಲ್ಲೇ ಇಟ್ಟುಕೊಳ್ಳಬೇಕು.